ಹೆದ್ದಾರಿ ಅವಘಡ ಎಷ್ಟು ದೊಡ್ಡದು? ಮೊದಲ 15 ನಿಮಿಷದಲ್ಲಿ ಅಳೆಯುವ ಬಗೆ

ಅಪಘಾತವನ್ನು ದಾಖಲಿಸುವಾಗ ಪೊಲೀಸರು ನೋಡುವುದು ಜನರಿಗಾದ ಪೆಟ್ಟನ್ನು: ಸಾವು, ತೀವ್ರ ಗಾಯ, ಸಣ್ಣಪುಟ್ಟ ಗಾಯ, ಗಾಯವೇ ಇಲ್ಲದ್ದು. ಗಾಯಾಳು 30 ದಿನದೊಳಗೆ ತೀರಿಕೊಂಡರೂ ಅದು ಸಾವಿನ ಲೆಕ್ಕಕ್ಕೇ ಸೇರುತ್ತದೆ. ಅಂಕಿಅಂಶಕ್ಕೆ ಇದು ಸರಿ. ಆದರೆ ಈ ಕ್ಷಣ ಯಾರನ್ನು ಕಳಿಸಬೇಕು ಎಂದು ತೀರ್ಮಾನಿಸುವ ಕಂಟ್ರೋಲ್ ರೂಮಿಗೆ ಇದೊಂದೇ ಸಾಲದು. ಶಿರಾಡಿ ಘಾಟಿಯ ತಿರುವಿನಲ್ಲಿ ಆಕ್ಸಲ್ ಮುರಿದು ಅಡ್ಡ ನಿಂತ ಟ್ರೈಲರ್‌ನಿಂದ ಯಾರ ಮೈಗೂ ಗೀರು ಬಿದ್ದಿರುವುದಿಲ್ಲ. ಹಾಗಿದ್ದೂ ಮಂಗಳೂರು ಕಡೆಯ ಸಂಚಾರ ಗಂಟೆಗಟ್ಟಲೆ ಬಂದ್. ಹಾಗಾಗಿ ಜನರ ಅಳತೆ ಬೇರೆ, ರಸ್ತೆಯ ಅಳತೆ ಬೇರೆ. ಎರಡನ್ನೂ ಅಳೆದು, ಯಾವುದು ಹೆಚ್ಚು ಬರುತ್ತದೋ ಅದನ್ನೇ ಅವಘಡದ ದರ್ಜೆಯಾಗಿ (ಸಣ್ಣದು, ಮಧ್ಯಮ, ದೊಡ್ಡದು) ಹಿಡಿಯಬೇಕು.

ಹಂತ 1: ಜಾಗ ಖಚಿತ ಮಾಡಿಕೊಳ್ಳಿ

ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112, ಆಂಬುಲೆನ್ಸ್‌ಗೆ 108. ಕರೆ ಮಾಡಿದವರು ಮೊದಲು ಹೇಳಬೇಕಾದದ್ದು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಆಮೇಲೆ ದಿಕ್ಕು. ‘ಮದ್ದೂರಿನ ಹತ್ತಿರ’ ಎಂದರೆ ಸಾಲದು. ಮೈಸೂರಿಗೆ ಹೋಗುವ ಬದಿಯೋ, ಬೆಂಗಳೂರಿಗೆ ಬರುವ ಬದಿಯೋ? ಮುಖ್ಯ ರಸ್ತೆಯೋ, ಸರ್ವಿಸ್ ರಸ್ತೆಯೋ? ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ತಪ್ಪು ಬದಿಗೆ ಇಳಿದ ಆಂಬುಲೆನ್ಸ್ ಮುಂದಿನ ನಿರ್ಗಮನದವರೆಗೂ ಹೋಗಿ ತಿರುಗಿ ಬರಬೇಕು. ಹೆಸರು ಹೇಳಲು ಹಿಂಜರಿದು ಕರೆಯನ್ನೇ ಮಾಡದವರೂ ಇದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

ಹಂತ 2: ಜನರನ್ನು ಎಣಿಸಿ

ಫೋನಿನಲ್ಲಿ ಕೇಳಬೇಕಾದದ್ದು ಮೂರೇ: ಎಷ್ಟು ಮಂದಿ, ಎಷ್ಟು ಜನರಿಗೆ ಎಚ್ಚರವಿಲ್ಲ, ವಾಹನದೊಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ? ಒಬ್ಬರು ಸಿಕ್ಕಿಕೊಂಡಿದ್ದರೂ ಅಗ್ನಿಶಾಮಕ ದಳ ಹೊರಡಬೇಕು, ಏಕೆಂದರೆ ಲೋಹ ಕತ್ತರಿಸುವ ಉಪಕರಣ ಇರುವುದು ಅವರಲ್ಲಿ. ಬಸ್ ಮಗುಚಿದ್ದರೆ ಗಾಯಾಳುಗಳ ಲೆಕ್ಕ ಸಿಗುವವರೆಗೆ ಕಾಯದೆ ದೊಡ್ಡ ದರ್ಜೆಯಿಂದಲೇ ಶುರು ಮಾಡಿ, ಒಂದಕ್ಕಿಂತ ಹೆಚ್ಚು ಆಂಬುಲೆನ್ಸ್ ಕಳಿಸಿ.

ಸ್ಥಳದಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂಬ ವಿಂಗಡಣೆ ಬಣ್ಣದಲ್ಲಿ, ಕೆಂಪು ಎಲ್ಲರಿಗಿಂತ ಮೊದಲು. ನಡೆಯಬಲ್ಲವರು ಹಸಿರು. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ‘ಕೈ ಹಿಡಿಯಿರಿ’ ಎಂದರೂ ಹಿಡಿಯಲಾಗದಿದ್ದರೆ, ಮೂರರಲ್ಲಿ ಒಂದಿದ್ದರೂ ಕೆಂಪು. ಇದಾವುದೂ ಇಲ್ಲದೆ ನಡೆಯಲಾರದವರು ಹಳದಿ. ಶ್ವಾಸನಾಳ ತೆರೆದರೂ ಉಸಿರಾಡದವರು ಕಪ್ಪು. ಜೋರಾಗಿ ಕೂಗುತ್ತಿರುವವರ ಸುತ್ತಲೇ ಎಲ್ಲರೂ ನೆರೆಯುವುದು ಸಾಮಾನ್ಯ ತಪ್ಪು. ಕೂಗುತ್ತಿದ್ದಾರೆಂದರೆ ಉಸಿರಿದೆ ಎಂದರ್ಥ; ಸದ್ದಿಲ್ಲದೆ ಬಿದ್ದವರ ಬಳಿ ಮೊದಲು ಹೋಗಿ.

ಹಂತ 3: ಎಷ್ಟು ಪಥ ಮುಚ್ಚಿದೆ?

ಮೂರು ಪಥದಲ್ಲಿ ಒಂದು ಮುಚ್ಚಿದರೆ ಮೂರರಲ್ಲಿ ಎರಡು ಪಾಲು ವಾಹನ ಹೋಗಬಹುದು ಎನ್ನಿಸುತ್ತದೆ. ಹೋಗುವುದಿಲ್ಲ. ಅಮೆರಿಕದ ಹೆದ್ದಾರಿ ಸಾಮರ್ಥ್ಯದ ಕೈಪಿಡಿಯ ಪ್ರಕಾರ ಆಗ ಉಳಿಯುವುದು ಶೇ 49 ಮಾತ್ರ. ಎರಡು ಮುಚ್ಚಿದರೆ ಶೇ 17. ಅಪಘಾತವಾದ ವಾಹನವನ್ನು ಅಂಚಿಗೆ ಸರಿಸಿ ಎಲ್ಲ ಪಥ ತೆರೆದಿಟ್ಟರೂ ಶೇ 83. ಉಳಿದ ಪಾಲನ್ನು ನುಂಗುವುದು ನಿಧಾನಿಸಿ ಇಣುಕುವವರು ಮತ್ತು ಪಥ ಬದಲಿಸಲು ಮೂತಿ ತೂರಿಸುವವರು. ಒಂದು ದಿಕ್ಕಿಗೆ ಎರಡೇ ಪಥವಿರುವ ರಸ್ತೆಯಲ್ಲಿ ಒಂದು ಮುಚ್ಚಿದರೆ ಶೇ 35. ನಮ್ಮ ರಸ್ತೆಗಳಲ್ಲಿ ಅಂಕಿ ಆಚೀಚೆ ಆದೀತು, ಇಳಿಕೆಯ ರೀತಿ ಮಾತ್ರ ಇದೇ. ಹಾಗಾಗಿ ಕರೆ ಮಾಡಿದವರನ್ನು ‘ಟ್ರಾಫಿಕ್ ಜಾಮ್ ಆಗಿದೆಯಾ’ ಎಂದು ಕೇಳಬೇಡಿ, ‘ಎಷ್ಟು ಪಥ ಖಾಲಿ ಇದೆ’ ಎಂದು ಕೇಳಿ.

ಹಂತ 4: ಲಾರಿಯಲ್ಲಿ ಏನಿದೆ?

ಟ್ಯಾಂಕರ್ ಆಗಿದ್ದರೆ ಹಿಂಬದಿ ಮತ್ತು ಪಕ್ಕದ ಫಲಕದಲ್ಲಿರುವ ನಾಲ್ಕಂಕಿಯ ಯುಎನ್ ಸಂಖ್ಯೆಯನ್ನು ದೂರದಿಂದಲೇ ಓದಿ. ಮೊಬೈಲ್ ಕ್ಯಾಮೆರಾದ ಝೂಮ್ ಇದಕ್ಕೆ ಸಾಕು. 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ, 1005 ಅಮೋನಿಯಾ, 1830 ಸಲ್ಫ್ಯೂರಿಕ್ ಆಮ್ಲ. ಅದೇ ಫಲಕದ ತುರ್ತು ಸಂಕೇತದ ಕೊನೆಯಲ್ಲಿ ‘ಇ’ ಅಕ್ಷರವಿದ್ದರೆ (ಎಲ್‌ಪಿಜಿಗೆ 2ವೈಇ) ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಚನೆ ಕೂಡಲೇ ಆಗಬೇಕು.

ಎಲ್‌ಪಿಜಿ ಗಾಳಿಗಿಂತ ಭಾರ. ಹಳ್ಳ, ಚರಂಡಿ ಹಿಡಿದು ಹರಿದು ದೂರದ ಒಲೆಗೋ ಎಂಜಿನ್‌ಗೋ ತಾಗಿ ಹೊತ್ತಿಕೊಳ್ಳುತ್ತದೆ. ಟ್ಯಾಂಕರ್ ಮಗುಚಿ ಎಷ್ಟು ಘೋರ ಅನಾಹುತವಾಗಬಹುದು ಎಂಬುದನ್ನು ದಕ್ಷಿಣ ಕನ್ನಡದ ಪೆರ್ನೆ 2013ರಲ್ಲೇ ಕಂಡಿದೆ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ತುರ್ತು ಮಾರ್ಗದರ್ಶಿ ಹೇಳುವ ದೂರ ಹೀಗಿದೆ: ತಕ್ಷಣ ಸುತ್ತ 100 ಮೀಟರ್ ಖಾಲಿ; ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿನಲ್ಲಿ 800 ಮೀಟರ್; ಟ್ಯಾಂಕರ್ ಬೆಂಕಿಗೆ ಸಿಕ್ಕಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್. ಮಗುಚಿದ ಟ್ಯಾಂಕರ್ ಸೋರುತ್ತಿಲ್ಲ ಎಂದು ಪರಿಣತರು ಪರೀಕ್ಷಿಸಿ ಹೇಳುವವರೆಗೆ ಅದು ದೊಡ್ಡ ಅವಘಡವೇ. ಇಲ್ಲಿ ಚೌಕಾಸಿ ಬೇಡ.

ಹಂತ 5: ಸಮಯ ಅಂದಾಜಿಸಿ, ದರ್ಜೆ ಕೊಡಿ

ಅಮೆರಿಕದ ಸಂಚಾರ ನಿಯಂತ್ರಣ ಕೈಪಿಡಿ (ಎಂಯುಟಿಸಿಡಿ) ಬಳಸುವ ಅಳತೆ ಸರಳ: 30 ನಿಮಿಷದೊಳಗೆ ರಸ್ತೆ ತೆರವಾದರೆ ಸಣ್ಣದು, 30 ನಿಮಿಷದಿಂದ 2 ಗಂಟೆ ಮಧ್ಯಮ, 2 ಗಂಟೆ ಮೀರಿದರೆ ದೊಡ್ಡದು. ಸ್ಥಳ ತಲುಪಿದ 15 ನಿಮಿಷದೊಳಗೆ ಅವಘಡದ ಗಾತ್ರ, ಹಿಡಿಯುವ ಸಮಯ, ವಾಹನ ಸಾಲಿನ ಉದ್ದ ಮೂರನ್ನೂ ಅಂದಾಜಿಸಬೇಕು ಎನ್ನುತ್ತದೆ ಅದು.

ಅಂದಾಜು ತಪ್ಪುವುದು ಬಹುತೇಕ ಕ್ರೇನ್ ವಿಷಯದಲ್ಲಿ. ಎರಡು ಆಕ್ಸಲ್ ಲಾರಿಯ ಅನುಮತಿಸಿದ ಒಟ್ಟು ತೂಕವೇ 18.5 ಟನ್, ದೊಡ್ಡ ಟ್ರೈಲರ್‌ನದು 55 ಟನ್‌ವರೆಗೆ. ಗಸ್ತು ತಂಡದ ಒಂದು ಕ್ರೇನ್ ಕಾರನ್ನು ಎತ್ತಿ ಬದಿಗಿಟ್ಟೀತು. ಲೋಡ್ ಇರುವ ಟ್ರೈಲರ್‌ಗೆ ಎರಡು ಭಾರಿ ಕ್ರೇನ್ ಬೇಕು, ಇಲ್ಲವೇ ಸರಕನ್ನು ಬೇರೆ ಲಾರಿಗೆ ಇಳಿಸಬೇಕು. ಕ್ರೇನ್ ಬರುವ ಹೊತ್ತು, ಎತ್ತುವ ಹೊತ್ತು, ಚೆಲ್ಲಿದ ಆಯಿಲ್ ಮೇಲೆ ಮರಳು ಹಾಕಿ ಗುಡಿಸುವ ಹೊತ್ತು ಮೂರನ್ನೂ ಕೂಡಿಸಿ. ಮಧ್ಯಮವೋ ದೊಡ್ಡದೋ ಎಂಬ ಅನುಮಾನ ಬಂದರೆ ಮೇಲಿನದನ್ನೇ ಕೊಡಿ. ಹೊರಟ ಕ್ರೇನನ್ನು ವಾಪಸ್ ಕರೆಯಬಹುದು. ತಡವಾಗಿ ಹೊರಟದ್ದು ವಾಹನಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತದೆ.

ಹಂತ 6: ದರ್ಜೆಗೆ ತಕ್ಕಂತೆ ಕಳಿಸಿ

ಸಣ್ಣದಕ್ಕೆ ಗಸ್ತು ವಾಹನ, ಅಗತ್ಯವಿದ್ದರೆ ಟೋಯಿಂಗ್. ಮಧ್ಯಮಕ್ಕೆ ಇವುಗಳ ಜೊತೆ ಪೊಲೀಸ್, ಆಂಬುಲೆನ್ಸ್, ಪಥ ಮುಚ್ಚಲು ಕೋನ್ ಮತ್ತು ಫಲಕ. ದೊಡ್ಡದಕ್ಕೆ ಅಗ್ನಿಶಾಮಕ, ಭಾರಿ ಕ್ರೇನ್, ಜಿಲ್ಲಾಡಳಿತಕ್ಕೆ ಮಾಹಿತಿ, ಬದಲಿ ಮಾರ್ಗ. ಬದಲಿ ಮಾರ್ಗದ ನಿರ್ಧಾರ ಲಾರಿ ತಿರುಗಬಲ್ಲ ಜಾಗದಲ್ಲೇ ಜಾರಿಯಾಗಬೇಕು. ಶಿರಾಡಿ ಮುಚ್ಚಿದರೆ ಹಾಸನದಲ್ಲೇ ತಡೆಯಬೇಕು. ಸಕಲೇಶಪುರ ದಾಟಿ ಘಾಟಿಗೆ ಇಳಿದ ಟ್ರೈಲರ್‌ಗೆ ಹೇಳಿ ಪ್ರಯೋಜನವಿಲ್ಲ. ಪಕ್ಕದ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ ಎಂಬುದೂ ನೆನಪಿರಲಿ.

ಯಾವ ದರ್ಜೆಯೇ ಇರಲಿ, ಒಬ್ಬರು ವಾಹನ ಸಾಲಿನ ಬಾಲದಲ್ಲಿ ಇರಲೇಬೇಕು, ಎರಡನೇ ಅಪಘಾತ ಆಗುವುದು ಅಲ್ಲೇ. ಗಂಟೆಗೆ 100 ಕಿ.ಮೀ. ವೇಗದ ವಾಹನ ನಿಲ್ಲಲು ಸುಮಾರು 180 ಮೀಟರ್ ಬೇಕು. ಕೆಟ್ಟ ಲಾರಿಯ ಹಿಂದೆ ಹತ್ತು ಹೆಜ್ಜೆಗೆ ಇಟ್ಟ ಕಲ್ಲು, ಸೊಪ್ಪಿನ ಕೊಂಬೆ ಎಚ್ಚರಿಕೆಯೇ ಅಲ್ಲ.

ಹಂತ 7: ಮತ್ತೆ ಅಳೆಯಿರಿ

15 ನಿಮಿಷಕ್ಕೊಮ್ಮೆ ದರ್ಜೆಯನ್ನು ಮತ್ತೆ ನೋಡಿ. ಲಾರಿ ಎತ್ತಿದ ಕೂಡಲೇ ದರ್ಜೆ ಇಳಿಸಬೇಡಿ. ಸಾಲಿನ ಬಾಲ ಕರಗಬೇಕು. ಕೋನ್‌ಗಳನ್ನು ಇಡುವಾಗ ವಾಹನಗಳು ಬರುವ ಕಡೆಯಿಂದ ಶುರು ಮಾಡಿ, ತೆಗೆಯುವಾಗ ಕೊನೆಯಲ್ಲಿ ಇಟ್ಟದ್ದನ್ನು ಮೊದಲು ತೆಗೆಯಿರಿ. ದಾಖಲೆಯಲ್ಲಿ ನಾಲ್ಕು ಸಮಯ ಬರೆಯಿರಿ: ಕರೆ ಬಂದದ್ದು, ಮೊದಲ ತಂಡ ತಲುಪಿದ್ದು, ಎಲ್ಲ ಪಥ ತೆರೆದದ್ದು, ಕೊನೆಯ ಸಿಬ್ಬಂದಿ ಹೊರಟದ್ದು.