ರೋಮನ್ ಕಂಚಿನ ನಾಣ್ಯ ಓದುವಾಗ ಮೊದಲು ಹಿಂಬದಿ ನೋಡಿ

ಹೊಸದಾಗಿ ಶುರು ಮಾಡಿದವರು ರಾಜನ ಮುಖ ನೋಡಿ ಹೆಸರು ಹೇಳಲು ಹೋಗುತ್ತಾರೆ. ಕ್ರಿ.ಶ. 4ನೇ ಶತಮಾನದ ಕಂಚಿನ ನಾಣ್ಯದಲ್ಲಿ ಅದು ಕಷ್ಟ. ಚಕ್ರವರ್ತಿ ಕಾನ್‌ಸ್ಟಂಟೈನ್, ಅವನ ಮಕ್ಕಳು, ಎಲ್ಲರ ಮುಖವೂ ಹೆಚ್ಚುಕಡಿಮೆ ಒಂದೇ ಥರ ಅಲ್ವಾ?

ನಾಣ್ಯ ತಿರುಗಿಸಿ. ಇಬ್ಬರು ಸೈನಿಕರು, ನಡುವೆ ಧ್ವಜಗಂಬ ಇದ್ದರೆ ಅದು ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೇನೆಯ ಕೀರ್ತಿ. ಈಗ ಗಂಬ ಎಣಿಸಿ. ಎರಡಿದ್ದರೆ ಸುಮಾರು 330ರಿಂದ 335ರದ್ದು. ಒಂದೇ ಇದ್ದರೆ ಅದರ ನಂತರದ್ದು, ನಾಣ್ಯವೂ ಚಿಕ್ಕದು. ಅಕ್ಷರ ಪೂರ್ತಿ ಸವೆದಿದ್ದರೂ ಕಾಲ ಸಿಕ್ಕಿಬಿಡುತ್ತದೆ! ನನಗಂತೂ ಇದು ಇವತ್ತಿಗೂ ಖುಷಿ ಕೊಡುವ ವಿಷಯ.

ಆಮೇಲೆ ಸೈನಿಕರ ಕಾಲಡಿಯ ಗೆರೆಯ ಕೆಳಗೆ ನೋಡಿ. ಅಲ್ಲಿರುವುದು ಟಂಕಸಾಲೆಯ ಗುರುತು. ‘ಎಸ್‌ಎಂಎಎನ್’ ಕಂಡರೆ ಆಂಟಿಯೋಕ್ ನಗರ, ‘ಎಸ್‌ಎಂಎಎಲ್’ ಕಂಡರೆ ಅಲೆಕ್ಸಾಂಡ್ರಿಯಾ ನಗರ.

ಮುಂಬದಿಯ ಬರಹವನ್ನು ಸಾಮಾನ್ಯವಾಗಿ ಎಡಗಡೆ ಕೆಳಗಿನಿಂದ ಗಡಿಯಾರದ ಮುಳ್ಳಿನಂತೆ ಓದಬೇಕು. ‘ಯು’ ಜಾಗದಲ್ಲಿ ‘ವಿ’ ಇರುತ್ತದೆ. ಕೊನೆಯ ‘ಎವಿಜಿ’ ಅಂದರೆ ಆಗಸ್ಟಸ್, ಚಕ್ರವರ್ತಿ.

ಅಕ್ಷರ ಕಾಣದಿದ್ದರೆ ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಹಾಕಿ ತಿಕ್ಕಬೇಡಿ. ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ.