ಹೊಲಕ್ಕೆ ನೀರು ನುಗ್ಗಿತೇ? ಪರಿಹಾರಕ್ಕೆ ಹೀಗೆ ಮಾಡಿ

ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ ಕಡೆ ಭೀಮೆ ಉಕ್ಕುತ್ತಾಳೆ. ಮಳೆಯೂ ಜೋರಾದರೆ ಕಾಗಿಣಾ, ಮಾಂಜ್ರಾ ಕೂಡ ಸುಮ್ನಿರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಇದನ್ನು ನೋಡಿದ್ದೇವೆ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೋಡಿದೆವು. ನೀರಿಳಿದ ಮೇಲೆ ಕಟ್ಟೆ ಮೇಲೆ ಒಂದೇ ಮಾತು: ‘ಪರಿಹಾರ ಯಾವಾಗ ಬರ್ತದ?’

ಪರಿಹಾರ ಒಂದಲ್ಲ, ಎರಡು. ಸರ್ಕಾರ ಕೊಡುವ ಬೆಳೆ ಪರಿಹಾರ ಬೇರೆ, ನೀವು ಕಂತು ಕಟ್ಟಿದ ಬೆಳೆ ವಿಮೆ ಬೇರೆ. ಒಂದು ಬಂತು ಅಂತ ಇನ್ನೊಂದನ್ನು ಬಿಡಬೇಕಿಲ್ಲ. ಓಡಾಟ ಮಾತ್ರ ವಿಮೆಯಿಂದಲೇ ಶುರುವಾಗಲಿ. ಅದರ ಗಡುವು ಮೂರೇ ದಿನ.

ಮೊದಲ 72 ಗಂಟೆ

ವಿಮೆ ಮಾಡಿಸಿದ ತೊಗರಿ, ಹೆಸರು, ಉದ್ದು ನೀರಲ್ಲಿ ನಿಂತರೆ, ಆಲಿಕಲ್ಲಿಗೆ ಹೋದರೆ, 72 ಗಂಟೆಯೊಳಗೆ ತಿಳಿಸಬೇಕು. ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ. ಇಲ್ಲವೇ ವಿಮಾ ಕಂಪನಿ, ಬ್ಯಾಂಕ್ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ. ಸರ್ವೆ ನಂಬರ್, ಬೆಳೆ, ಎಷ್ಟು ಎಕರೆ, ಯಾವತ್ತು, ಏನಾಯಿತು, ಇಷ್ಟು ಸಾಕು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಾಯಿಮಾತಲ್ಲಿ ‘ಹೇಳೀವಿ’ ಅಂದರೆ ನಾಳೆ ಯಾರೂ ಕೇಳುವುದಿಲ್ಲ.

ಬೀದರ್ ಕಡೆ ಸೋಯಾ ಕೊಯ್ದು ಹೊಲದಲ್ಲೇ ಒಣಗಲು ಬಿಡುತ್ತಾರೆ. ಅದು ಅಕಾಲಿಕ ಮಳೆಗೆ ಹಾಳಾದರೂ, ಕೊಯ್ದು 14 ದಿನ ದಾಟಿರದಿದ್ದರೆ ವಿಮೆ ಕೇಳಬಹುದು. ಭತ್ತ, ಕಬ್ಬಿನ ಮುಳುಗಡೆಗೆ ನಿಯಮ ಬೇರೆ. ಶಹಾಪುರ, ಸುರಪುರದ ಭತ್ತದ ರೈತರು ಆ ವರ್ಷದ ಅಧಿಸೂಚನೆ ಏನನ್ನುತ್ತದೆ ಅಂತ ಮೊದಲು ವಿಚಾರಿಸಿ.

ದನ ಸತ್ತಿದ್ದರೆ ಹೂಳುವ ಮುಂಚೆ ಪಶುವೈದ್ಯರನ್ನು ಕರೆಸಿ. ಫೋಟೊ ಇರಲಿ, ಮರಣೋತ್ತರ ವರದಿ ಇರಲಿ. ಸರ್ಕಾರದ 2022–26ರ ದರಪಟ್ಟಿಯಲ್ಲಿ ಹಾಲು ಕೊಡುವ ಆಕಳು, ಎಮ್ಮೆಗೆ 37,500, ಎತ್ತಿಗೆ 32,000, ಕುರಿ, ಆಡಿಗೆ 4,000 ರೂಪಾಯಿ ಇತ್ತು.

ಸರ್ವೆ, ಲೆಕ್ಕ

ಸರ್ಕಾರದ ಪರಿಹಾರಕ್ಕೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಸರ್ವೆ ಮಾಡುತ್ತಾರೆ. ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿರಬೇಕು. ಅವರು ಬರುವ ದಿನ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ, ಹೊಲದಲ್ಲೇ ಇರಿ. ರಸ್ತೆ ಪಕ್ಕದ ಹೊಲ ಎಲ್ಲರ ಕಣ್ಣಿಗೆ ಬೀಳುತ್ತದೆ, ಹಳ್ಳದಾಚೆಯದ್ದು ಬೀಳುವುದಿಲ್ಲ. ಬಿರುಗಾಳಿಗೆ ಕಮಲಾಪುರದ ಬಾಳೆ ಮಲಗಿದ್ದರೆ ತೋಟಗಾರಿಕೆ ಇಲಾಖೆಗೂ ಅರ್ಜಿ ಕೊಡಿ.

2022–26ರ ಅವಧಿಗೆ ನಿಗದಿಯಾದ ದರ ಹೀಗಿತ್ತು: ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. 2025ರ ನೆರೆಯಲ್ಲಿ ರಾಜ್ಯ ಸರ್ಕಾರ ಎಲ್ಲದಕ್ಕೂ ಹೆಕ್ಟೇರಿಗೆ 8,500 ಸೇರಿಸಿ ಘೋಷಿಸಿತು. ಅಂದರೆ ಮೂರು ಎಕರೆ ಒಣಬೇಸಾಯದ ತೊಗರಿ ಹೋದವರಿಗೆ ಸುಮಾರು 20,000 ರೂಪಾಯಿ. ಬೀಜ, ಗೊಬ್ಬರ, ಕೂಲಿ ಲೆಕ್ಕ ಹಾಕಿದರೆ ಇದು ದೊಡ್ಡ ಹಣವೇನಲ್ಲ. ಮಿತಿ ಎರಡೇ ಹೆಕ್ಟೇರ್. ಹತ್ತು ಎಕರೆ ಹೋದರೂ ಸಿಗುವುದು ಐದು ಎಕರೆಯ ಲೆಕ್ಕವೇ. ಹೊಲದಲ್ಲಿ ಮೂರು ಇಂಚಿಗಿಂತ ಜಾಸ್ತಿ ಮರಳು, ಹೂಳು ಕೂತಿದ್ದರೆ ಸಣ್ಣ, ಅತಿ ಸಣ್ಣ ರೈತರಿಗೆ ಅದನ್ನು ತೆಗೆಸಲು ಅದೇ ದರಪಟ್ಟಿಯಲ್ಲಿ ಹೆಕ್ಟೇರಿಗೆ 18,000 ರೂಪಾಯಿ ಬೇರೆಯೇ ಇತ್ತು. ಹೊಳೆದಂಡೆಯವರು ಇದನ್ನು ಕೇಳುವುದೇ ಕಡಿಮೆ.

ಹಣ ಸಿಕ್ಕಿಕೊಳ್ಳುವುದು ಎಲ್ಲಿ?

ಅರ್ಜಿಯಲ್ಲಲ್ಲ, ಹೆಸರಲ್ಲಿ. ಹಣ ಪಹಣಿಯಲ್ಲಿರುವ ಹೆಸರಿಗೆ, ಆಧಾರ್ ಜೋಡಿಸಿದ ಖಾತೆಗೆ ನೇರ ಹೋಗುತ್ತದೆ. ರೈತರನ್ನು ನೋಂದಾಯಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿರಬೇಕು. ಒಂದು ತುಂಡು ಬಿಟ್ಟುಹೋಗಿದ್ದರೆ ಆ ತುಂಡಿನ ದುಡ್ಡು ಬರುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸಿಕೊಡುತ್ತಾರೆ.

ಯಾವ ಹೊಲದಲ್ಲಿ ಯಾವ ಬೆಳೆ ಅಂತ ದಾಖಲಿಸುವ ಬೆಳೆ ಸಮೀಕ್ಷೆಯನ್ನೂ ನೋಡಿಕೊಳ್ಳಿ. ಹೊಲದಲ್ಲಿ ಹತ್ತಿ, ಸಮೀಕ್ಷೆಯಲ್ಲಿ ತೊಗರಿ ಅಂತಿದ್ದರೆ ವಿಮೆಯೂ ತಕರಾರಿಗೆ ಬೀಳುತ್ತದೆ. ಆಕ್ಷೇಪಣೆಗೆ ಅವಧಿ ಕೊಡುತ್ತಾರೆ, ಆಗಲೇ ಸರಿಪಡಿಸಿ.

ಎರಡು ಮೂರು ಬ್ಯಾಂಕ್ ಖಾತೆ ಇದ್ದರೆ ಆಧಾರ್ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ. ‘ಬಂದೇ ಇಲ್ಲ’ ಅನ್ನುವ ಮುಂಚೆ ಹಳೇ ಪಾಸ್‌ಬುಕ್ ಒಮ್ಮೆ ಎಂಟ್ರಿ ಮಾಡಿಸಿ.

ದೊಡ್ಡ ತೊಡಕು ಪೌತಿ ಖಾತೆಯದು, ಅಂದರೆ ತೀರಿಹೋದವರ ಹೆಸರಿನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದರದು. ಅಪ್ಪ ತೀರಿ ವರ್ಷಗಳಾದರೂ ಪಹಣಿ ಅವರ ಹೆಸರಲ್ಲೇ ಇರುತ್ತದೆ, ಅಣ್ಣತಮ್ಮಂದಿರು ಬಾಯಿಮಾತಲ್ಲೇ ಹಂಚಿಕೊಂಡು ಬಿತ್ತುತ್ತಾರೆ. ನೆರೆ ಬಂದಾಗ ಯಾರ ಖಾತೆಗೂ ಹಣ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಹಾಕಿ. ಬೇಸಿಗೆಯಲ್ಲೇ ಹಾಕಿದರೆ ಒಳ್ಳೇದು.

ಲಾವಣಿಗೆ, ಅಂದರೆ ಗುತ್ತಿಗೆಗೆ ಹೊಲ ಮಾಡಿದವರ ಪಾಡು ಇನ್ನೂ ಕಷ್ಟ. ಬೆಳೆ ಹೋಗುವುದು ಅವರದು, ಸರ್ಕಾರದ ಹಣ ಬರುವುದು ಹೊಲದ ಮಾಲೀಕರಿಗೆ. ಇದು ನ್ಯಾಯವಲ್ಲ, ಆದರೆ ಸದ್ಯ ನಡೆಯುತ್ತಿರುವುದು ಇದೇ. ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ಬಿತ್ತುವ ಮುಂಚೆಯೇ ಹಾಳೆ ಮೇಲೆ ಬರೆಸಿಕೊಳ್ಳಿ.

ಬ್ಯಾಂಕಿನ ಸಾಲ

ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಸಾಲದ ಅವಧಿ ಮುಂದೂಡಲು ದಾರಿಯಿದೆ. ರಿಸರ್ವ್ ಬ್ಯಾಂಕ್‌ನ 2018ರ ನಿರ್ದೇಶನದಂತೆ, ಶೇ 50ರವರೆಗೆ ಹಾನಿಯಾದರೆ ಎರಡು ವರ್ಷ, ಅದಕ್ಕೂ ಜಾಸ್ತಿಯಾದರೆ ಐದು ವರ್ಷದವರೆಗೆ ಕಂತು ಮಾಡಬಹುದಿತ್ತು. ಮೊದಲ ಒಂದು ವರ್ಷ ಕಟ್ಟಬೇಕಿರಲಿಲ್ಲ. ಈಗಿನ ನಿಯಮ ಬ್ಯಾಂಕಿನಲ್ಲೇ ವಿಚಾರಿಸಿ. ಬಡ್ಡಿ ಮಾತ್ರ ಓಡುತ್ತಿರುತ್ತದೆ, ಇದು ಸಾಲಮನ್ನಾ ಅಲ್ಲ. ಸಾಲ ಸುಸ್ತಿಯಾಗುವ ಮುಂಚೆ ಮ್ಯಾನೇಜರ್‌ಗೆ ಲಿಖಿತ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.