ನರ್ಸಿಂಗ್ ಮೊದಲ ಸೆಮಿಸ್ಟರ್ ಜೊತೆ ಜರ್ಮನ್ ಕಲಿಯುವವರಿಗೆ

ಬಿ.ಎಸ್ಸಿ. ನರ್ಸಿಂಗ್ ಸೇರಿದ ವಾರವೇ ಜರ್ಮನ್ ತರಗತಿಗೂ ಹಣ ಕಟ್ಟಿದವಳು ನಾನು. ವಾರಕ್ಕೆ ಐದು ಸಂಜೆ! ಲ್ಯಾಬಿನಲ್ಲಿ ಹಾಸಿಗೆಯ ಮೂಲೆ ಮಡಚಿ ಮಡಚಿ ಸುಸ್ತಾಗಿ ಬಂದ ಮೇಲೆ ಕ್ರಿಯಾಪದ ತಲೆಗೆ ಹತ್ತುವುದಿಲ್ಲ. ಮೊದಲ ಇಂಟರ್ನಲ್‌ನಲ್ಲಿ ಅನಾಟಮಿ ಕೈಕೊಟ್ಟಿತು. ಮರುದಿನವೇ ಶನಿವಾರ-ಭಾನುವಾರದ ಬ್ಯಾಚ್‌ಗೆ ಬದಲಾದೆ.

ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ (ಎ1, ಎ2, ಬಿ1 ಆದ ಮೇಲಿನ ನಾಲ್ಕನೇ ಹಂತ) ಬೇಕು, ನಿಜ. ಆದರೆ ನಮ್ಮ ಕೋರ್ಸ್ 4 ವರ್ಷದ್ದು. ಈ ಸೆಮಿಸ್ಟರಿಗೆ ಮೊದಲ ಹಂತ ಎ1 ಮುಗಿದರೆ ಧಾರಾಳವಾಯಿತು. ಆರು ತಿಂಗಳಲ್ಲಿ ಬಿ2 ಎನ್ನುವ ಜಾಹೀರಾತು ನಮ್ಮಂಥವರಿಗಲ್ಲ.

ನನಗೆ ಕೈಹಿಡಿದದ್ದು ಅನಾಟಮಿ ನೋಟ್‌ಬುಕ್ಕೇ. ಚಿತ್ರ ಬರೆದು ಭಾಗ ಗುರುತಿಸುವಾಗ ಪಕ್ಕದಲ್ಲಿ ಪೆನ್ಸಿಲಿನಿಂದ ಜರ್ಮನ್ ಹೆಸರು: ಹೃದಯಕ್ಕೆ ದಾಸ್ ಹೆರ್ಟ್ಸ್, ಶ್ವಾಸಕೋಶಕ್ಕೆ ದೀ ಲುಂಗೆ, ಜಠರಕ್ಕೆ ದೇರ್ ಮಾಗೆನ್. ಪದದ ಮುಂದೆ ಲಿಂಗ ತೋರಿಸುವ ದೇರ್ (ಪುಲ್ಲಿಂಗ), ದೀ (ಸ್ತ್ರೀಲಿಂಗ), ದಾಸ್ (ನಪುಂಸಕಲಿಂಗ) ಬಿಡಬೇಡಿ. ಜಠರ ಏಕೆ ಪುಲ್ಲಿಂಗ ಎಂದು ಕೇಳಿ ಪ್ರಯೋಜನವಿಲ್ಲ, ಒಟ್ಟಿಗೇ ಬಾಯಿಪಾಠ ಮಾಡಿ. ಪರೀಕ್ಷೆಗೆ ಕೊಡುವ ನೋಟ್ಸ್‌ನಲ್ಲಿ ಮಾತ್ರ ಪೆನ್ಸಿಲ್ ಅಳಿಸಿ.

ಹಣ ಕಟ್ಟುವ ಮೊದಲು, ಸೆಮಿಸ್ಟರ್ ಪರೀಕ್ಷೆಯ ಸಮಯದಲ್ಲಿ ಎರಡು ಮೂರು ವಾರ ಬಿಟ್ಟು ಮುಂದಿನ ಬ್ಯಾಚ್‌ಗೆ ಸೇರಬಹುದೇ ಎಂದು ಕೇಳಿ, ಒಪ್ಪಿದರೆ ಬರಹದಲ್ಲಿ ಪಡೆದುಕೊಳ್ಳಿ.